ಸೇತುವೆಯ ಮೇಲೆ ಸೇವ್ ಮಾಡಿದ ನರಿ

ಮೌಸ್ ಒತ್ತಿ ಆಡುವ ಹಳೆಯ ಕಂಪ್ಯೂಟರ್ ಆಟವೊಂದರಲ್ಲಿ ನರಿಯೇ ನಾಯಕ. ಅದು ಕೋಟೆಯ ಮುಂದಿನ ಮರದ ಸೇತುವೆಯನ್ನು ದಾಟುತ್ತಿತ್ತು. ಕೆಳಗೆ ಕಂದಕದಲ್ಲಿದ್ದ ಮೊಸಳೆ ತಲೆಯೆತ್ತಿ ಹೇಳಿತು, "ನರಿರಾಯರೇ, ಹಲಗೆ ಕೊಳೆತು ಹೋಗಿದೆ. ನೋಡಿ ಹೆಜ್ಜೆ ಇಡಬಾರದೇ?"

"ನೋಡಿ ನಡೆಯುವುದು ಒಂದೇ ಜೀವ ಇರುವವರ ಕೆಲಸ," ಎಂದಿತು ನರಿ. "ಈ ಕಥೆಗೆ ನಾಲ್ಕು ಅಂತ್ಯಗಳಿವೆಯಂತೆ. ರಾಜನಾಗಿ ನೋಡುತ್ತೇನೆ, ಸನ್ಯಾಸಿಯಾಗಿ ನೋಡುತ್ತೇನೆ, ಕಳ್ಳನಾಗಿಯೂ ನೋಡುತ್ತೇನೆ. ಹಿಡಿಸಿದ್ದನ್ನು ಇಟ್ಟುಕೊಳ್ಳುತ್ತೇನೆ. ಹೆಜ್ಜೆಗೊಮ್ಮೆ ಆಟವನ್ನು ಸೇವ್ ಮಾಡುತ್ತೇನಲ್ಲ! ಸತ್ತರೂ ಸೇವ್ ಮಾಡಿದ ಜಾಗದಿಂದಲೇ ಮತ್ತೆ ಎದ್ದು ಬರುತ್ತೇನೆ."

"ಹಳೆಯ ಸೇವ್ ಒಂದನ್ನಾದರೂ ಬೇರೆ ಇಟ್ಟಿದ್ದೀರಾ?"

"ಅದೆಲ್ಲ ಹಿಂದಕ್ಕೆ ಹೋಗುವ ಹೇಡಿಗಳಿಗೆ. ನಾನು ಹಳೆಯದನ್ನು ಅಳಿಸಿ, ಅದೇ ಜಾಗದಲ್ಲಿ ಹೊಸದನ್ನು ಸೇವ್ ಮಾಡುವವನು."

ಅಷ್ಟರಲ್ಲಿ ಹಲಗೆ ಮುರಿಯಿತು. ಗಾಬರಿಗೊಂಡ ನರಿ ಬೀಳುತ್ತ ಬೀಳುತ್ತಲೇ, ರೂಢಿಯಂತೆ, ಸೇವ್ ಮಾಡಿತು. ಮೊಸಳೆ ಬಾಯಿ ತೆರೆಯಿತು, ಮುಚ್ಚಿತು.

ಆಟ ಮತ್ತೆ ಶುರುವಾಯಿತು. ನರಿ ಕಣ್ಣು ಬಿಟ್ಟಾಗ ಕಾಲ ಕೆಳಗೆ ಹಲಗೆ ಇರಲಿಲ್ಲ, ಮೊಸಳೆಯ ಬಾಯಿ ಇತ್ತು. ಇನ್ನೊಮ್ಮೆ ಶುರುವಾಯಿತು. ನರಿ ಈಗಲೂ ನಡುಗಾಳಿಯಲ್ಲೇ ಇತ್ತು. ರಾಜನ ಕಿರೀಟವೂ ಸನ್ಯಾಸಿಯ ಕಾವಿಯೂ ಕೋಟೆಯ ಒಳಗೆ ಹಾಗೇ ಕಾಯುತ್ತಿದ್ದವು.

"ಬನ್ನಿ, ಬನ್ನಿ," ಎಂದಿತು ಮೊಸಳೆ ವಿನಯದಿಂದ. "ನಿಮಗೆ ನಾಲ್ಕು ಅಂತ್ಯ ಬೇಕಿತ್ತು. ನನಗೆ ಇದೊಂದೇ ಸಾಕು."