ಮನುವೇಲ ಕೂರಿಸಿದ ಚಿನ್ನ

ಬೈಜಾಂಟೈನ್ ಅರಸರ ಕಾಲ. ಸಮುದ್ರದ ದಂಡೆಯ ಒಂದು ಊರಿನಲ್ಲಿ ಹಳೆಯ ಚರ್ಚ್ ಇತ್ತು. ಹೊರಗಿನಿಂದ ಬರೀ ಇಟ್ಟಿಗೆ ಗೋಡೆ. ಇದರಲ್ಲೇನಿದೆ ನೋಡುವುದಕ್ಕೆ ಎಂದು ಮೂಗು ಮುರಿದವರೂ ಒಳಗೆ ಕಾಲಿಟ್ಟರೆ ತಲೆಯೆತ್ತಿ ನೋಡುತ್ತ ನಿಂತುಬಿಡುತ್ತಿದ್ದರು. ಗುಮ್ಮಟದ ಬುಡದ ಸುತ್ತ ಸಾಲಾಗಿ ಕಿಟಕಿಗಳು. ಅವುಗಳಲ್ಲಿ ಬೆಳಕು ತುಂಬಿಕೊಂಡಾಗ ಅಷ್ಟು ಭಾರದ ಗುಮ್ಮಟ ಯಾವ ಆಸರೆಯೂ ಇಲ್ಲದೆ ತೇಲುತ್ತಿದೆ ಅನಿಸುತ್ತಿತ್ತು. ಅದರ ಒಳಮೈಗೆಲ್ಲ ಚಿನ್ನದ ರೇಕು ಸೇರಿಸಿದ ಗಾಜಿನ ಚೂರುಗಳನ್ನು ಗಾರೆಯಲ್ಲಿ ಕೂರಿಸಿದ್ದರು. ಸಂಜೆ ದೀಪ ಹಚ್ಚಿದರೆ ಚಿನ್ನವೆಲ್ಲ ಮೆಲ್ಲಗೆ ಉಸಿರಾಡುವಂತೆ ಮಿನುಗುತ್ತಿತ್ತು.

ಒಂದು ವರ್ಷ ಭೂಮಿ ನಡುಗಿ ಗುಮ್ಮಟದ ಒಂದು ಪಕ್ಕದ ಚೂರುಗಳು ಉದುರಿದವು. ಸರಿಪಡಿಸಲು ಮುದುಕ ಗ್ರಿಗೋರಿ ಬಂದ, ಜೊತೆಗೆ ಶಿಷ್ಯ ಮನುವೇಲ. ಗುರುವಿಗೆ ಮೊಣಕಾಲು ನೋವು, ಗುಮ್ಮಟದವರೆಗೆ ಕಟ್ಟಿದ ಮರದ ಸಾರುವೆ ಹತ್ತಲಾರ. ಕೆಲಸವೆಲ್ಲ ಶಿಷ್ಯನ ಪಾಲಿಗೆ ಬಂತು. ಮನುವೇಲನ ಕೈ ಚೆನ್ನಾಗಿತ್ತು. ಆದರೆ ಅವನಿಗೊಂದು ಹುಚ್ಚು. ಊರವರೆಲ್ಲ ಬೆರಳು ತೋರಿಸಿ ಅದು ಮನುವೇಲನ ಕೆಲಸ ಅನ್ನಬೇಕು.

ಗುರು ಕಲಿಸಿದ ಪದ್ಧತಿ ಒಂದಿತ್ತು. ಪ್ರತಿ ಸಾಲು ಕೂರಿಸಿದ ಮೇಲೆ ಕೆಳಗಿಳಿದು, ಒಂದು ದೀಪ ಹಚ್ಚಿ, ತಲೆಯೆತ್ತಿ ನೋಡಬೇಕು. ಆಮೇಲೆ ಮತ್ತೆ ಹತ್ತಬೇಕು. ಮನುವೇಲ ಎರಡು ದಿನ ಹಾಗೇ ಮಾಡಿದ. ಮೂರನೆಯ ದಿನ ಬೇಸರ ಬಂತು. ಮೇಲೇ ಕುಳಿತು, ಉದುರದೆ ಉಳಿದಿದ್ದ ಹಳಬರ ಕೆಲಸವನ್ನು ಹತ್ತಿರದಿಂದ ನೋಡಿದ. ಒಂದು ಚೂರು ಅತ್ತ ವಾಲಿದೆ, ಇನ್ನೊಂದು ಇತ್ತ. ಪಾಪ, ಕೈ ನಡುಗುತ್ತಿತ್ತೇನೋ ಎಂದು ನಕ್ಕ. ತನ್ನ ಚೂರುಗಳನ್ನು ಮಾತ್ರ ಕನ್ನಡಿಯ ಹಾಗೆ ಸಮವಾಗಿ ಒತ್ತಿದ. ಇಳಿದು ನೋಡಿದೆಯಾ ಎಂದು ಗುರು ಕೇಳಿದಾಗಲೆಲ್ಲ ನೋಡಿದೆ ಎಂದ.

ಈಸ್ಟರ್ ಹಬ್ಬಕ್ಕೆ ಸಾರುವೆ ಬಿಚ್ಚಿದರು. ಊರಿಗೆ ಊರೇ ಬಂತು. ಮನುವೇಲನ ತಾಯಿ ಎವ್ದೋಕಿಯಾ ಎಲ್ಲರಿಗಿಂತ ಮುಂದೆ ನಿಂತಿದ್ದಳು. ದೀಪಗಳು ಹತ್ತಿದವು. ಹಳೆಯ ಚಿನ್ನ ಮಿನುಗಿತು. ಮನುವೇಲನ ಭಾಗ ಕಪ್ಪಗೆ ಉಳಿಯಿತು. ಸಮವಾಗಿ ಕೂತ ಚೂರುಗಳು ಬೆಳಕನ್ನೆಲ್ಲ ಎದುರಿನ ಖಾಲಿ ಗೋಡೆಗೆ ಕಳಿಸಿದ್ದವು.

"ಮಗನೇ, ಆ ಜಾಗದ ಕೆಲಸ ಇನ್ನೂ ಆಗಿಲ್ಲವೇ?" ಎಂದಳು ತಾಯಿ.

ಅವನಿಗೆ ನಾಚಿಕೆಯಿಂದ ಸತ್ತಂತಾಯಿತು. ಗುರುವಿನ ಮುಂದೆ ಹೋಗಿ, ಹಳಬರ ಕೈ ನಡುಗಿತ್ತೆಂದು ನಕ್ಕಿದ್ದನ್ನೂ ಸುಳ್ಳು ಹೇಳಿದ್ದನ್ನೂ ಒಪ್ಪಿಕೊಂಡ. ಗ್ರಿಗೋರಿ ಬೈಯಲಿಲ್ಲ.

"ಹಳಬರ ಕೈ ನಡುಗಲಿಲ್ಲಪ್ಪ. ಒಂದೊಂದು ಚೂರನ್ನೂ ಕೆಳಗೆ ನಿಂತ ಯಾರೋ ಒಬ್ಬರ ಕಣ್ಣಿಗೆ ಬೆಳಕು ಬೀಳಲೆಂದು ವಾಲಿಸಿದರು," ಎಂದ.

ಮತ್ತೆ ಸಾರುವೆ ಕಟ್ಟಿದರು. ಮನುವೇಲ ತಾನು ಕೂರಿಸಿದ್ದನ್ನೆಲ್ಲ ತಾನೇ ಉಳಿಯಿಂದ ಕಿತ್ತ. ಒಂದೊಂದು ಚೂರನ್ನೂ ವಾಲಿಸಿ ಕೂರಿಸುತ್ತ, ಒಂದು ವರ್ಷ ದಿನಕ್ಕೆ ಹತ್ತಾರು ಸಲ ಇಳಿದ, ಹತ್ತಿದ.

ಮರುವರ್ಷದ ಹಬ್ಬದಲ್ಲಿ ಇಡೀ ಗುಮ್ಮಟ ಮಿನುಗಿತು. ನಿನ್ನ ಕೆಲಸ ಯಾವುದು ತೋರಿಸು ಎಂದಳು ತಾಯಿ. ಅವನು ಬಹಳ ಹೊತ್ತು ಹುಡುಕಿದ. ಕಣ್ಣು ತುಂಬಿ ಬಂತು. ಅಷ್ಟು ಸಂತೋಷ ಅವನಿಗೆ ಹಿಂದೆಂದೂ ಆಗಿರಲಿಲ್ಲ.

"ಗೊತ್ತಾಗ್ತಿಲ್ಲಮ್ಮ," ಎಂದ.

ನೀತಿ: ಕೆಲಸ ಮಾಡುವವರು ಆಗಾಗ ಕೆಳಗಿಳಿದು, ಅದು ಯಾರಿಗಾಗಿಯೋ ಅವರು ನಿಂತ ಜಾಗದಿಂದ ನೋಡಬೇಕು. ಬೆಳಕು ಅವರನ್ನು ಮುಟ್ಟಿದರೆ ಸಾಕು, ನಮ್ಮ ಹೆಸರು ಕಾಣದಿದ್ದರೂ ನಡೆಯುತ್ತದೆ.