ಲಗಮವ್ವನ ಬೆಳ್ಳಿ ಕಡ್ಡಿ

ಬಹಳ ಹಿಂದೆ, ನಮ್ಮ ಅಜ್ಜಿಯರ ಅಜ್ಜಿಯರೂ ಹುಟ್ಟಿರದ ಕಾಲದಲ್ಲಿ, ಕೆಂಗುರಿಹಾಳ ಎಂಬ ಒಂದೂರಿತ್ತು. ಕುರಿ ಕಾಯುವವರ, ಕಂಬಳಿ ನೇಯುವವರ ಊರು. ನೀರು ಒಂದು ಹರದಾರಿ ದೂರ. ನೊಣಗಳು ಮಾತ್ರ ಮನೆಬಾಗಿಲಲ್ಲೇ. ಆ ಊರಿನ ಲಗಮವ್ವನ ಕಥೆಯಿದು. ನನಗೆ ಹೇಳಿದವರು ಹೇಗೆ ಹೇಳಿದರೋ ಹಾಗೆಯೇ ಹೇಳುತ್ತೇನೆ, ಕೇಳಿ.

ಆ ಊರಿಗೆ ಒಂದು ಕಣ್ಣುಬೇನೆ ಅಂಟಿಕೊಂಡಿತ್ತು. ಮಕ್ಕಳ ಕಣ್ಣು ಕೆಂಪಾಗಿ, ಗೀಜುಗಟ್ಟಿ, ಬೆಳಗಾಗುವಷ್ಟರಲ್ಲಿ ರೆಪ್ಪೆಗಳು ಅಂಟಿರುತ್ತಿದ್ದವು. ಬೇನೆ ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಬಂದು ಬಂದು ರೆಪ್ಪೆಯ ಒಳಮೈ ಕಲೆಗಟ್ಟಿ ಮುದುಡುತ್ತಿತ್ತು. ನಡುವಯಸ್ಸಿಗೆ ರೆಪ್ಪೆಗೂದಲು ಒಳಕ್ಕೆ ತಿರುಗಿ ಕಣ್ಣಗುಡ್ಡೆಯನ್ನೇ ಗೀರುತ್ತಿತ್ತು. ಅದನ್ನು ಅವರು ರೆಪ್ಪೆಮುಳ್ಳು ಎನ್ನುತ್ತಿದ್ದರು. ಮುಳ್ಳು ಗೀರಿದ ಕಣ್ಣಿನ ಮೇಲೆ ಕೊನೆಗೆ ಬಿಳಿಯ ಪರದೆ. ಗಂಡಸರಿಗಿಂತ ಹೆಂಗಸರಿಗೇ ಹೆಚ್ಚು, ಏಕೆಂದರೆ ಮಕ್ಕಳನ್ನು ಎತ್ತಿ ಸೆರಗಿನಿಂದ ಮುಖ ಒರೆಸುವವರು ಅವರೇ. ಇಂದಿನ ವೈದ್ಯರು ಇದನ್ನು ಟ್ರಕೋಮಾ ಎನ್ನುತ್ತಾರೆ. ಕ್ಲಮಿಡಿಯಾ ಎಂಬ ಅತಿ ಸಣ್ಣ ಜೀವಿಯೊಂದು ರೆಪ್ಪೆಯೊಳಗೆ ಮನೆ ಮಾಡುವುದರಿಂದ ಬರುತ್ತದೆ ಎನ್ನುತ್ತಾರೆ. ಕೆಂಗುರಿಹಾಳದವರು ದೃಷ್ಟಿ ತಾಗಿತು ಎನ್ನುತ್ತಿದ್ದರು.

ಲಗಮವ್ವ ರೆಪ್ಪೆಮುಳ್ಳು ಕೀಳುವವಳು. ಕುರುಬರು ಕಾಲಿನ ಮುಳ್ಳು ತೆಗೆಯಲು ಸೊಂಟದಲ್ಲಿ ಇಟ್ಟುಕೊಳ್ಳುವ ಚಿಮಟವೇ ಅವಳ ಆಯುಧ. ಅವಳು ಕೂದಲು ಕಿತ್ತ ಮೇಲೂ ಕುಳಿತವರು ಯಾವಾಗ ಕೀಳುತ್ತೀ ಎಂದು ಕೇಳುತ್ತಿದ್ದರಂತೆ. ಕಿತ್ತ ರೆಪ್ಪೆಗೂದಲು ನೆಲಕ್ಕೆ ಬಿದ್ದ ಸದ್ದು ಅವಳಿಗೆ ಕೇಳಿಸುತ್ತಿತ್ತಂತೆ. ಮೂರು ದಿನದ ಹಾದಿ ನಡೆದು ಜನ ಅವಳ ಅಂಗಳಕ್ಕೆ ಬರುತ್ತಿದ್ದರು.

ಅವಳ ಬಳಿ ಇನ್ನೊಂದು ವಸ್ತುವಿತ್ತು. ಅತ್ತೆಯಿಂದ ಬಂದ ಬೆಳ್ಳಿಯ ಕಾಡಿಗೆ ಕಡ್ಡಿ. ಪ್ರತಿ ಕಾರಹುಣ್ಣಿಮೆಯ ಮುಂಜಾನೆ ಊರಿನ ಮಕ್ಕಳೆಲ್ಲ ಸಾಲಾಗಿ ನಿಲ್ಲುತ್ತಿದ್ದರು. ಲಗಮವ್ವ ಆ ಒಂದೇ ಕಡ್ಡಿಯಿಂದ ಒಬ್ಬರಾದ ಮೇಲೆ ಒಬ್ಬರ ಕಣ್ಣಿಗೆ ಕಾಡಿಗೆ ಎಳೆಯುತ್ತಿದ್ದಳು. ನಡುವೆ ಕಡ್ಡಿಯನ್ನು ಒರೆಸಲು ಅವಳ ಸೆರಗೇ ಇತ್ತು. ಬೆಳ್ಳಿ ತಾಗಿದ ಕಣ್ಣಿಗೆ ದೃಷ್ಟಿಯಿಲ್ಲ ಎಂದು ಊರು ನಂಬಿತ್ತು.

ಲಗಮವ್ವನಿಗೆ ಒಬ್ಬಳು ಮೊಮ್ಮಗಳು, ಹೊನ್ನಿ. ತಾಯಿ ಹೆರಿಗೆಯಲ್ಲೇ ತೀರಿಕೊಂಡಿದ್ದ ಮಗು. ಆರನೆಯ ವಯಸ್ಸಿನಲ್ಲಿ ಹೊನ್ನಿಯ ರೆಪ್ಪೆ ಮಗುಚಿ ನೋಡಿದಾಗ ಒಳಗೆ ಅಕ್ಕಿನುಚ್ಚಿನಂಥ ಗುಳ್ಳೆಗಳು ಕಂಡವು. ಮುಳ್ಳು ಎಲ್ಲಿಂದ ಮೊಳೆಯುತ್ತದೆ ಎಂಬುದು ಲಗಮವ್ವನಿಗೆ ಗೊತ್ತಿತ್ತು. ಅವಳ ಸ್ವಂತ ಹಡೆದ ತಾಯಿ ಕುರುಡಿಯಾಗಿಯೇ ಸತ್ತಿದ್ದಳು. ಈ ಮಗುವಿನ ಕಣ್ಣು ಉಳಿಯಬೇಕು ಎಂದು ಅವಳು ಕುಲದೇವರು ಬೀರಪ್ಪನ ಮುಂದೆ ಹರಕೆ ಹೊತ್ತಳು. ದಿನ ಬಿಟ್ಟು ದಿನ ಕಾಡಿಗೆ ಹಚ್ಚಿದಳು. ಗುಳ್ಳೆ ಹೆಚ್ಚಿದವು.

ಊರಿನಲ್ಲಿ ಬೀರವ್ವ ಎಂಬ ಕುರಿಗಾರ ಹೆಂಗಸೊಬ್ಬಳಿದ್ದಳು. ಎರಡು ಮನೆಗಳ ನಡುವಿನ ಹುಲ್ಲುಗಾವಲಿನ ಜಗಳದಲ್ಲಿ ಅವಳ ಗಂಡ ಲಗಮವ್ವನ ಹೊಸ್ತಿಲು ತುಳಿಯೆನೆಂದು ಆಣೆಯಿಟ್ಟಿದ್ದ. ಮೂರು ವರ್ಷದಿಂದ ಅವರ ಮಕ್ಕಳು ಸಾಲಿಗೆ ಬಂದಿರಲಿಲ್ಲ. ಕುರಿ ಹಿಂಡಿನೊಂದಿಗೆ ಅಡವಿಯಲ್ಲೇ ಇರುತ್ತಿದ್ದರು. ಒಂದು ದಿನ ಹಳ್ಳದ ದಾರಿಯಲ್ಲಿ ಲಗಮವ್ವ ತಾಯಿಯೊಂದಿಗೆ ಬರುತ್ತಿದ್ದ ಆ ಮಕ್ಕಳನ್ನು ಕಂಡಳು. ಮೂವರ ಕಣ್ಣೂ ತೊಳೆದಿಟ್ಟ ಕವಡೆಯ ಹಾಗೆ ಹೊಳೆಯುತ್ತಿದ್ದವು. ಲಗಮವ್ವ ನಿಂತೇಬಿಟ್ಟಳು.

“ಏನ್ ಹಂಗ ನೋಡ್ತಿ ಆಯಿ, ದೃಷ್ಟಿ ಆದೀತು” ಎಂದಳು ಬೀರವ್ವ. “ನಿನ್ನ ಬೆಳ್ಳಿ ಕಡ್ಡಿ ಮುಟ್ಟದ ಕಣ್ಣು ಇವು. ನೊಣಕ್ಕೂ ಬ್ಯಾಡಾಗ್ಯಾವು.”

ಚುಚ್ಚಲೆಂದೇ ಆಡಿದ ಮಾತು. ಲಗಮವ್ವನಿಗೆ ಚುಚ್ಚಿದ್ದು ಬೇರೆಯೇ ಕಡೆಗೆ. ಅಂದಿನಿಂದ ಅವಳು ಹೊನ್ನಿಗೆ ಕಾಡಿಗೆ ಹಚ್ಚಲಿಲ್ಲ. ಹಳೆಯ ಸೀರೆಯ ಒಂದು ತುಂಡು ಹರಿದು ಅವಳಿಗೆ ಮಾತ್ರವೆಂದು ಇಟ್ಟಳು. ದಿನಕ್ಕೆ ಎರಡು ಸಲ, ಒಂದೇ ಒಂದು ಬೊಗಸೆ ನೀರಿನಲ್ಲಿ ಮಗುವಿನ ಮುಖ ತೊಳೆದಳು. ಆ ವರ್ಷದ ಸಾಲಿನಲ್ಲಿ ಹೊನ್ನಿಯನ್ನು ನಿಲ್ಲಿಸಲಿಲ್ಲ. ಮತ್ತೊಂದು ಕಾರಹುಣ್ಣಿಮೆ ಬರುವಷ್ಟರಲ್ಲಿ ಗುಳ್ಳೆ ಇಂಗಿ ರೆಪ್ಪೆಯೊಳಗು ನಯವಾಗಿತ್ತು. ಸಾಲಿನಲ್ಲಿ ನಿಂತಿದ್ದ ಮಕ್ಕಳ ಕಣ್ಣು ಹಾಗೆಯೇ ಇತ್ತು.

ಈಗ ಅವಳು ಸುಮ್ಮನಿರಬಹುದಿತ್ತು. ಮೊಮ್ಮಗಳ ಕಣ್ಣು ಉಳಿದಿತ್ತು; ಹೆಸರೂ ಉಳಿಯುತ್ತಿತ್ತು. ಆದರೆ ಊರಿನ ಮಕ್ಕಳ ನಡುವೆಯೇ ಹೊನ್ನಿ ಬೆಳೆಯಬೇಕು, ನಾಳೆ ಅವಳೂ ಒಂದು ಮಗುವನ್ನು ಎತ್ತಿಕೊಳ್ಳಬೇಕು. ಒಂದು ಮನೆಯ ಕಣ್ಣು ಮಾತ್ರ ಉಳಿಯುವುದು ಆಗದ ಮಾತು ಎಂದು ಅವಳು ಕಂಡುಕೊಂಡಳು.

ಆ ಹುಣ್ಣಿಮೆಯ ಮುಂಜಾನೆ ಮಕ್ಕಳು ಸಾಲು ನಿಂತರು. ಲಗಮವ್ವ ಕಾಡಿಗೆಯ ಬಟ್ಟಲು ತರಲಿಲ್ಲ. ಮುಳ್ಳು ಕಿತ್ತದ್ದೂ ತನ್ನದೇ ಕೈ, ಬಿತ್ತಿದ್ದೂ ತನ್ನದೇ ಕೈ ಎಂದು ಎಲ್ಲರ ಮುಂದೆ ಹೇಳಿದಳಂತೆ. ಬೇನೆ ಕಡ್ಡಿಯಲ್ಲಿ ದಾಟುತ್ತದೆ, ಸೆರಗಿನಲ್ಲಿ ದಾಟುತ್ತದೆ, ನೊಣದ ಕಾಲಿನಲ್ಲಿ ದಾಟುತ್ತದೆ ಎಂದಳಂತೆ.

ಊರಗೌಡ ನಕ್ಕ. “ಆಯಿಗೆ ವಯಸ್ಸಾತು. ಕೈ ನಡಗಾಕ ಹತ್ಯಾವು, ಅದಕ್ಕ ನೆಪ ತಗದಾಳ.”

“ಕೈ ನಡಗಿದ್ರ ಚಿಮಟ ಬಿಡ್ತಿದ್ನೆಪ್ಪಾ ಗೌಡ” ಎಂದಳು ಲಗಮವ್ವ. “ಬಾ, ಕುಂದ್ರು. ನಿನ್ನ ಎಡಗಣ್ಣಾಗ ಎರಡು ಮುಳ್ಳು ಅದಾವು.”

ಗೌಡ ಕುಳಿತ. ಎರಡೂ ಬಂದವು. ಲಗಮವ್ವ ಹೊನ್ನಿಯನ್ನು ಕರೆದು, ಅವಳ ರೆಪ್ಪೆ ಮಗುಚಿ, ಬಂದ ತಾಯಂದಿರಿಗೆಲ್ಲ ತೋರಿಸಿದಳು. ಬೀರವ್ವನ ಮಕ್ಕಳನ್ನೂ ಕರೆಸಿದಳು. ಹೊಸ್ತಿಲು ತುಳಿಯದ ಆಣೆ ಮುರಿಯದಿರಲೆಂದು ತಾನೇ ಬೀದಿಗೆ ಇಳಿದು ನಿಂತಳು. ಕೊನೆಗೆ ಆ ಬೆಳ್ಳಿಯ ಕಡ್ಡಿಯನ್ನು ತನ್ನ ತುರುಬಿಗೆ ಸಿಕ್ಕಿಸಿಕೊಂಡಳು. ಸಾಯುವವರೆಗೆ ಅದು ಅಲ್ಲಿಯೇ ಇತ್ತು, ಎಲ್ಲರಿಗೂ ಕಾಣುವಂತೆ, ಯಾರ ಕಣ್ಣಿಗೂ ತಾಗದಂತೆ.

ಬೇನೆ ಒಂದೇ ದಿನದಲ್ಲಿ ಹೋಗಲಿಲ್ಲ. ಆಗಲೇ ಕಲೆಗಟ್ಟಿದ್ದ ರೆಪ್ಪೆಗಳಿಗೆ ಲಗಮವ್ವ ಕೊನೆಯವರೆಗೂ ಚಿಮಟ ಹಿಡಿದಳು. ಆದರೆ ಹೊನ್ನಿಯ ವಾರಗೆಯವರಲ್ಲಿ ಆ ಚಿಮಟದ ಮುಂದೆ ಕುಳಿತವರು ಕಡಿಮೆ. ಅವರ ಮಕ್ಕಳಲ್ಲಿ ಯಾರೂ ಇಲ್ಲ. ಹೊನ್ನಿ ಎಂಬತ್ತರ ವಯಸ್ಸಿನಲ್ಲಿಯೂ ದೀಪವಿಲ್ಲದ ಮೂಲೆಯಲ್ಲಿ ಕರಿ ಕಂಬಳಿಗೆ ಕರಿ ನೂಲು ಹೊಲಿಯುತ್ತಿದ್ದಳು ಎಂದು ಹೇಳುತ್ತಾರೆ.

ಇಂದಿಗೂ ಕೆಂಗುರಿಹಾಳದಲ್ಲಿ ಮಗು ಹುಟ್ಟಿದರೆ ಹೆಸರಿಡುವ ಮೊದಲು ಮುಖದ ಅರಿವೆ ಕೊಡುತ್ತಾರೆ. ಒಂದು ಗೇಣು ಹಳೆಯ ಸೀರೆಯ ತುಂಡು. ಅದರ ಅಂಚಿಗೆ ಆ ಮಗುವಿಗಷ್ಟೇ ಸೇರಿದ ಬಣ್ಣದ ಉಣ್ಣೆ ದಾರ. ಅಣ್ಣನದು ತಂಗಿಗಿಲ್ಲ, ತಾಯಿಯದು ಮಗನಿಗಿಲ್ಲ. ಕಾರಹುಣ್ಣಿಮೆಯಂದು ಮಕ್ಕಳು ಈಗಲೂ ಸಾಲು ನಿಲ್ಲುತ್ತಾರೆ. ಊರಿನ ಹಿರಿಯಳು ಪ್ರತಿ ಮಗುವಿನ ಕೈಗೂ ಒಂದು ಬೊಗಸೆ ನೀರು ಹೊಯ್ಯುತ್ತಾಳೆ, ಮುಖ ತೊಳೆಸುತ್ತಾಳೆ. ಕಾಡಿಗೆ ಯಾರೂ ಹಚ್ಚುವುದಿಲ್ಲ. ಲಗಮವ್ವನ ಚಿಮಟ ಅವಳ ಮನೆಯ ತೊಲೆಗೆ ತೂಗುಹಾಕಿದೆ. ಅದನ್ನು ಯಾರೂ ಉಜ್ಜಕೂಡದು ಎಂಬ ನೇಮವಿದೆ. ಹೊಸ ಸೊಸೆಯಂದಿರನ್ನು ಕರೆತಂದು, ಕೆಲಸವಿಲ್ಲದೆ ಅದಕ್ಕೆ ಹಿಡಿದ ತುಕ್ಕನ್ನು ತೋರಿಸುತ್ತಾರೆ.