ಹಗೇವಿಗೆ ಅಡ್ಡ ಮಲಗಿದ ವರ್ತಕ

"ಗುರುಗಳೇ, ಲಾಭದ ಆಸೆಗೆ ಬಿದ್ದು ಕೆಟ್ಟ ವರ್ತಕನನ್ನು ಅರಸ ಕೈಹಿಡಿದು ಎತ್ತುವುದು ಯಾವ ನ್ಯಾಯ?" ಎಂದು ಶಿಷ್ಯ ಅಡಿವೆಪ್ಪ ಕೇಳಿದ. ದನಿಯಲ್ಲಿ ಸಿಟ್ಟಿತ್ತು. ಗುರುಗಳು ನಕ್ಕು ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಊರವರ ಜೋಳವನ್ನು ತನ್ನ ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಣಜದಲ್ಲಿ, ಕಾಪಾಡುತ್ತಿದ್ದ. ಹಗೇವಿನ ಬಾಯಿ ತೆರೆದ ಮೇಲೆ ಒಂದು ದಿನ ಗಾಳಿಯಾಡಲು ಬಿಡಬೇಕು. ಆತುರಪಟ್ಟು ಇಳಿದವನು ಒಳಗಿನ ಕೆಟ್ಟ ಗಾಳಿಗೆ ಉಸಿರುಗಟ್ಟಿ ಸಾಯುತ್ತಾನೆ. ಅದಕ್ಕೇ, ಕೇಳಿದವರಿಗೆ ಅಂದೇ ಕೊಡಲು, ಹತ್ತರಲ್ಲೊಂದು ಚೀಲ ಯಾವಾಗಲೂ ಪಡಸಾಲೆಯಲ್ಲಿರಲಿ ಎಂದು ಅರಸನ ಕಟ್ಟಳೆ. ಸುಮ್ಮನೆ ಕೂತ ಚೀಲ ಕಂಡರೆ ವರ್ತಕನಿಗೆ ಹೊಟ್ಟೆಯುರಿ. ಅವನ್ನೂ ಬಡ್ಡಿಗೆ ಕೊಟ್ಟುಬಿಟ್ಟ. ಕೇಳಿದವರಿಗೆ ನಾಳೆ ಬಾ ಎಂದರಾಯಿತು ಎಂಬುದು ಅವನ ಎಣಿಕೆ.

ಒಂದು ಮುಂಜಾನೆ, ಹಗೇವಿಗೆ ನೀರು ಹೊಕ್ಕಿದೆಯಂತೆ ಎಂಬ ಸುದ್ದಿ ಹಬ್ಬಿತು. ಹೊತ್ತೇರುವುದರೊಳಗೆ ಊರಿಗೆ ಊರೇ ಖಾಲಿ ಚೀಲ ಹಿಡಿದು ಬಂತು. ನೆರೆಮನೆಯಿಂದ ಚೀಲ ಎರವಲು ತಂದವರೂ ಇದ್ದರು. ವರ್ತಕ ಹಗೇವು ತೆರೆಸಿದ. ಇಳಿಬಿಟ್ಟ ದೀಪ ಅರ್ಧದಲ್ಲೇ ಆರಿತು. ನಾಳೆ ಎಂಬ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾಡಿದ್ದು ಮಗಳ ಮದುವೆಯಿದ್ದ ಒಬ್ಬ ರೈತ ಸೊಂಟಕ್ಕೆ ಹಗ್ಗ ಬಿಗಿದುಕೊಂಡ.

"ಇಳೀಬ್ಯಾಡೋ ನನ್ನಪ್ಪಾ, ಜೀವಾ ಹೋಗ್ತೈತಿ! ಕಾಳು ಎಲ್ಲೂ ಹೋಗಿಲ್ಲ" ಎಂದ ವರ್ತಕ.

"ನಾಳಿ ಅನ್ನೂದರಾಗ ಉಳದವರು ಬಳಕೊಂಡು ಹೋಗಿರ್ತಾರ. ಬಿಡ್ರಿ ಸಾವ್ಕಾರ್ರ!" ಎಂದ ರೈತ.

ವರ್ತಕ ಹೆಂಡತಿಯನ್ನು ಅರಸನ ಉಗ್ರಾಣಕ್ಕೆ ಓಡಿಸಿ, ತನ್ನ ದಪ್ಪ ಹೊಟ್ಟೆಯ ಸಮೇತ ಹಗೇವಿನ ಬಾಯಿಗೆ ಅಡ್ಡ ಮಲಗಿಬಿಟ್ಟ. ಜೀವಮಾನದಲ್ಲಿ ಅವನು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಅದು ಮೊದಲನೆಯದು.

ಉಗ್ರಾಣದ ಅಧಿಕಾರಿ ಬಂದ. ಉದ್ದ ಕೋಲಿಗೆ ಕುಡಿಕೆ ಕಟ್ಟಿಸಿ ಕಾಳು ಮೇಲೆತ್ತಿಸಿದ, ಹಲ್ಲಲ್ಲಿ ಕಡಿದು ನೋಡಿದ. ಕಟ್ ಎಂದಿತು. ನೀರು ಸೋಕಿರಲಿಲ್ಲ. ಆಗ ಹಗೇವನ್ನು ಒತ್ತೆಯಾಗಿ ಬರೆಸಿಕೊಂಡು, ಅರವತ್ತು ಚೀಲ ಬಂಡಿಯಲ್ಲಿ ತರಿಸಿದ. "ಹತ್ತಕ್ಕೆ ಹನ್ನೊಂದಾಗಿ ತಿರುಗಿ ಕೊಡಬೇಕು" ಎಂದ. ವರ್ತಕನ ಮುಖ ಹರಳೆಣ್ಣೆ ಕುಡಿದಂತಾಯಿತು.

ಪಡಸಾಲೆ ತುಂಬಿದ್ದೇ ತಡ, ಜನ ತಣ್ಣಗಾದರು. ಮನೆಯಲ್ಲಿಟ್ಟರೆ ಇಲಿಯ ಪಾಲು, ಇಲ್ಲೇ ಇರಲಿ ಎಂದು ಅರ್ಧ ಜನ ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು ನಡೆದರು. ರೈತ ಮದುವೆಗೆ ಬೇಕಾದಷ್ಟನ್ನೇ ಒಯ್ದ. ಹೋಗುವಾಗ ವರ್ತಕನನ್ನೂ ಊಟಕ್ಕೆ ಕರೆದ.

"ಆದರೂ ಕಟ್ಟಳೆ ಮುರಿದವನು ವರ್ತಕನೇ ಅಲ್ಲವೇ? ಅವನನ್ನು ಏಕೆ ಉಳಿಸಬೇಕಿತ್ತು?" ಅಡಿವೆಪ್ಪ ಬಿಡಲಿಲ್ಲ.

"ಸೊಂಟಕ್ಕೆ ಹಗ್ಗ ಬಿಗಿದುಕೊಂಡಿದ್ದವನು ವರ್ತಕನೇನಪ್ಪ?" ಎಂದರು ಗುರುಗಳು.